ಹಾರ್ನ್‌ಸೀ ಕೈಕೊಟ್ಟಿದ್ದು ಗಾಳಿ ನಿಂತಿದ್ದಕ್ಕಲ್ಲ

ಸಮುದ್ರದ ಗಾಳಿ ವಿದ್ಯುತ್ತಿನ ವಿಷಯ ಬಂದರೆ ಮಾತೆಲ್ಲ ರೆಕ್ಕೆಯ ಉದ್ದ, ಕಂಬದ ಎತ್ತರದ್ದೇ. ನಿಜವಾದ ತಲೆನೋವು ಕೇಬಲ್ಲಿನದು. ಇಂಗ್ಲೆಂಡಿನ ಯಾರ್ಕ್‌ಷೈರ್ ತೀರದಿಂದ 120 ಕಿ.ಮೀ. ಆಚೆ ಇರುವ ಗಾಳಿ ವಿದ್ಯುತ್ ಸ್ಥಾವರ ಹಾರ್ನ್‌ಸೀ ಒನ್ ನೋಡಿ. ಸುಮಾರು 1,200 ಮೆಗಾವ್ಯಾಟ್, 174 ಟರ್ಬೈನು. ಅಷ್ಟೂ ವಿದ್ಯುತ್ ದಡಕ್ಕೆ ಬರುವುದು 220 ಕೆ.ವಿ. ಎ.ಸಿ. ಕೇಬಲ್ಲುಗಳಲ್ಲಿ.

ಕೇಬಲ್ ಅಂದರೆ ಉದ್ದಕ್ಕೆ ಎಳೆದ ಕೆಪ್ಯಾಸಿಟರ್, ಚಾರ್ಜು ತುಂಬಿಕೊಂಡು ಬಿಡುವ ಸಾಧನ. ನಡುವೆ ವಾಹಕ, ಸುತ್ತ ಪ್ಲಾಸ್ಟಿಕ್ ನಿರೋಧಕ, ಅದರಾಚೆ ಭೂಮಿಗೆ ಜೋಡಿಸಿದ ಲೋಹದ ಕವಚ. ಈ ತುಂಬಿಕೊಳ್ಳುವ ಶಕ್ತಿ ಕಿಲೋಮೀಟರಿಗೆ 0.17 ಮೈಕ್ರೋಫ್ಯಾರಡ್ ಎಂದು ಹಿಡಿದರೆ 220 ಕೆ.ವಿ.ಯಲ್ಲಿ ಕಿಲೋಮೀಟರಿಗೆ ಸುಮಾರು 2.6 ಎಂವಿಎಆರ್ (ಅದರ ಅಳತೆ) ರಿಯಾಕ್ಟಿವ್ ಪವರ್, ಅಂದರೆ ಕೆಲಸ ಮಾಡದೆ ಸುಮ್ಮನೆ ಹೋಗಿ ಬರುವ ಪವರ್, ಹುಟ್ಟುತ್ತದೆ. ಗದಗದ ಕಡೆ ಗುಡ್ಡ ದಾಟಿ ಬರುವ ಅದೇ ವೋಲ್ಟೇಜಿನ ಓವರ್‌ಹೆಡ್ ಲೈನಿನಲ್ಲಿ ಇದು ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲಷ್ಟೇ.

120 ಕಿ.ಮೀ.ಗೆ 310 ಎಂವಿಎಆರ್, ಅಂದರೆ ಕೇಬಲ್ಲನ್ನು ತುಂಬಿ ಬರಿದುಮಾಡಲಿಕ್ಕೇ 810 ಆಂಪಿಯರ್ ಚಾರ್ಜಿಂಗ್ ಕರೆಂಟು. ಕೇಬಲ್ ತಾಳುವುದು 1,000 ಆಂಪಿಯರ್ ಎಂದುಕೊಳ್ಳಿ. ಇದೆಲ್ಲ ಒಂದೇ ತುದಿಯಿಂದ ಹರಿದರೆ ಆ ತುದಿಯಲ್ಲಿ ಕೆಲಸಕ್ಕೆ ಬರುವ ಕರೆಂಟಿಗೆ ಉಳಿಯುವುದು 580 ಮಾತ್ರ (ಇಲ್ಲಿ ವರ್ಗಗಳನ್ನು ಕಳೆಯಬೇಕು, ನೇರ ಕಳೆಯುವುದಲ್ಲ). ಎರಡೂ ತುದಿಗೆ ಷಂಟ್ ರಿಯಾಕ್ಟರ್ (ಆ ರಿಯಾಕ್ಟಿವ್ ಪವರನ್ನು ಹೀರುವ ತಂತಿಸುರುಳಿ) ಕೂರಿಸಿದರೆ 910. ಹಾರ್ನ್‌ಸೀಯವರು ಸಮುದ್ರದ ನಡುದಾರಿಯಲ್ಲೇ ಒಂದು ವೇದಿಕೆ ಕಟ್ಟಿ ಅಲ್ಲೂ ರಿಯಾಕ್ಟರ್ ಇಟ್ಟರು. ಸಮುದ್ರದಲ್ಲಿ ಇಂಥದ್ದು ಜಗತ್ತಿಗೇ ಮೊದಲು. ಈಗ ಲೆಕ್ಕ 980ಕ್ಕೆ ಹತ್ತಿರ. ಡಿ.ಸಿ. ಆಗಿದ್ದರೆ ಈ ರಗಳೆಯೇ ಇಲ್ಲ, ಆದರೆ ಎ.ಸಿ.ಯನ್ನು ಡಿ.ಸಿ. ಮಾಡಿ ಮತ್ತೆ ಎ.ಸಿ. ಮಾಡಲು ಎರಡೂ ಕಡೆ ಕನ್ವರ್ಟರ್ ಸ್ಟೇಷನ್ನಿಗೆ ಹಣ ಸುರಿಯಬೇಕು.

ಏರುಪೇರಿಲ್ಲದ ಸ್ಥಿತಿಯ ಲೆಕ್ಕ ಇಷ್ಟು ಚೆಂದ. ಎಡವಟ್ಟಾಗಿದ್ದು 2019ರ ಆಗಸ್ಟ್ 9ರ ಸಂಜೆ 4.52ಕ್ಕೆ. ಲಂಡನ್ನಿನ ಉತ್ತರಕ್ಕೆ 400 ಕೆ.ವಿ. ಲೈನಿಗೆ ಸಿಡಿಲು ಬಡಿಯಿತು. ಸೆಕೆಂಡಿನ ಹತ್ತನೇ ಒಂದರೊಳಗೆ ಬ್ರೇಕರ್ ತೆರೆದು ಫಾಲ್ಟ್ ಹೋಯಿತು; ಗ್ರಿಡ್ಡಿಗೆ ಇದು ದಿನನಿತ್ಯದ ಮಾತು. ಆದರೆ ಆ ಸಣ್ಣ ವೋಲ್ಟೇಜ್ ಕುಸಿತಕ್ಕೆ ಹಾರ್ನ್‌ಸೀಯ ವೋಲ್ಟೇಜ್ ಕಂಟ್ರೋಲ್ ರಿಯಾಕ್ಟಿವ್ ಪವರನ್ನು ಒಮ್ಮೆ ಹೆಚ್ಚಿಸಿ ಒಮ್ಮೆ ತಗ್ಗಿಸಿ ತೂಗಾಡತೊಡಗಿತು, ಶಮನವೇ ಆಗಲಿಲ್ಲ. ಓವರ್‌ಕರೆಂಟ್ ರಕ್ಷಣೆ ಟರ್ಬೈನುಗಳನ್ನು ಬಿಡಿಸಿತು. 799 ಮೆಗಾವ್ಯಾಟ್ ಇದ್ದದ್ದು ಕ್ಷಣದಲ್ಲಿ 62.

ಅದೇ ಹೊತ್ತಿಗೆ ಲಿಟಲ್ ಬಾರ್ಫೋರ್ಡ್ ಗ್ಯಾಸ್ ಸ್ಥಾವರದ 244 ಮೆಗಾವ್ಯಾಟ್ ಸ್ಟೀಮ್ ಟರ್ಬೈನೂ ಬಿತ್ತು. ಊರೂರಿನ ಸಣ್ಣ ಉತ್ಪಾದಕಗಳಲ್ಲಿ ಸುಮಾರು 500 ಮೆಗಾವ್ಯಾಟ್ ತಮ್ಮ ರಿಲೇ (ಏರುಪೇರು ಕಂಡೊಡನೆ ತಾನಾಗಿ ಸಂಪರ್ಕ ಕಡಿಯುವ ಸಾಧನ) ಸೆಟ್ಟಿಂಗಿಗೇ ಬಲಿಯಾದವು. ಹಠಾತ್ ನಷ್ಟಕ್ಕೆಂದು ಮೀಸಲಿಟ್ಟಿದ್ದು 1,000 ಮೆಗಾವ್ಯಾಟ್, ಹೋದದ್ದು ಅದಕ್ಕಿಂತ ಎಷ್ಟೋ ಹೆಚ್ಚು. 50 ಹರ್ಟ್ಸ್ ಇರಬೇಕಾದ ಗ್ರಿಡ್ ಫ್ರೀಕ್ವೆನ್ಸಿ 49.1ಕ್ಕೆ ಇಳಿದು ಚೇತರಿಸಿಕೊಳ್ಳುವಷ್ಟರಲ್ಲಿ ಬಾರ್ಫೋರ್ಡಿನ ಒಂದು ಗ್ಯಾಸ್ ಟರ್ಬೈನು, 210 ಮೆಗಾವ್ಯಾಟ್, ಅದೂ ಹೋಯಿತು. 48.8 ಹರ್ಟ್ಸ್ ಮುಟ್ಟಿದೊಡನೆ ರಿಲೇಗಳು ತಾವಾಗಿಯೇ 11 ಲಕ್ಷ ಗ್ರಾಹಕರ ಕರೆಂಟು ತೆಗೆದವು. ಮುಕ್ಕಾಲು ಗಂಟೆಯಲ್ಲಿ ಎಲ್ಲ ವಾಪಸ್ ಬಂತು. ರೈಲುಗಳದ್ದೇ ಪಜೀತಿ: ಕಡಿಮೆ ಫ್ರೀಕ್ವೆನ್ಸಿಗೆ ಲಾಕ್ ಆದ ಕೆಲವನ್ನು ಚಾಲಕ ರೀಸೆಟ್ ಮಾಡಲಾಗದೆ ತಂತ್ರಜ್ಞರಿಗಾಗಿ ಕಾಯಬೇಕಾಯಿತು.

ಹೆಚ್ಚು ಕಾಡುವುದು ಬೇರೆಯದು. ಸಿಡಿಲಿಗೆ ಸುಮಾರು ಹತ್ತು ನಿಮಿಷ ಮೊದಲೇ, ಗ್ರಿಡ್ ವೋಲ್ಟೇಜ್ ಶೇ. 2ರಷ್ಟು ಕದಲಿದಾಗ, ಇಂಥದ್ದೇ ತೂಗಾಟ ಸಣ್ಣದಾಗಿ ದಾಖಲೆಯಲ್ಲಿ ಕಾಣಿಸಿತ್ತು. ಕೇಬಲ್, ರಿಯಾಕ್ಟರ್ ಯಾವುದನ್ನೂ ಬದಲಿಸಬೇಕಾಗಲಿಲ್ಲ. ಮರುದಿನ ಟರ್ಬೈನ್ ಕಂಟ್ರೋಲರಿನ ಸಾಫ್ಟ್‌ವೇರ್ ಬದಲಿಸಿದರು.