ಸಿ.ಎಸ್.ಟಿ. ರಸ್ತೆಯ ಕೆಳಗೊಂದು ರೈಲು ಹಾದಿ

ಬೆಳಗಿನ ಐದೂವರೆ. ಅಂಧೇರಿ ನಿಲ್ದಾಣದ ಪೂರ್ವ ಬದಿಯಲ್ಲಿ ಟೆಂಪೊದಿಂದ ಹಾಲಿನ ಕ್ರೇಟುಗಳನ್ನು ಇಳಿಸುತ್ತಿದ್ದರು. ಫೆಬ್ರವರಿಯ ಭಾನುವಾರ; ಮುಂಬೈಯಲ್ಲಿ ಚಳಿ ಎಂದು ಕರೆಯಬಹುದಾದ ಕೊನೆಯ ವಾರ. ಚೆಂಬೂರಿನಿಂದ ಕತ್ತಲಲ್ಲೇ ಸೈಕಲ್ ತುಳಿದುಕೊಂಡು ಬಂದಿದ್ದ ಭಾವ ಟಯರ್ ಒತ್ತಿ ನೋಡುತ್ತಾ ಕೇಳಿದರು: "ನಲವತ್ತು ವರ್ಷ ಆ ಸಿ.ಎಸ್.ಟಿ. ರಸ್ತೆಯಲ್ಲಿ ಓಡಾಡಿದ್ದೇನೆ ಮಾರಾಯ. ಅಲ್ಲಿ ರೈಲು ಓಡಿದ್ದನ್ನು ಯಾರೂ ಹೇಳಿಲ್ಲ. ನಿನಗೆ ಯಾರು ಹೇಳಿದರು?"

ಹಳೆಯ ರೈಲು ಹಾದಿಯ ಮೇಲೆ ಸೈಕಲ್ ತುಳಿಯುವ ಈ ಗೀಳು ಹತ್ತಿದ್ದು ದೂರದ ಊರಿನಲ್ಲಿ. ಮಗಳ ಮನೆಗೆಂದು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿದ್ದಾಗ ಅವಳು ನನ್ನನ್ನು ಬಾತ್ ನಗರದವರೆಗೆ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಿದ್ದಳು. ಆ ಹಳೆಯ ರೈಲು ಮಾರ್ಗದಲ್ಲಿ ಪ್ರಯಾಣಿಕರ ಗಾಡಿಗಳು 1966ರಲ್ಲಿ ನಿಂತುಹೋದವು. 1979ರಿಂದ 1986ರ ನಡುವೆ ಊರಿನ ಸೈಕಲ್ ಪ್ರಿಯರು ಅದನ್ನು 13 ಮೈಲಿಯ ಹಾದಿಯಾಗಿ ಕಟ್ಟಿಕೊಂಡರು. ಸ್ಟೇಪಲ್ ಹಿಲ್ ಎಂಬಲ್ಲಿ ರೈಲಿಗಾಗಿ ಕೊರೆದ ಸುರಂಗದೊಳಗೆ ನನ್ನ ಸೈಕಲ್ಲಿನ ಸದ್ದು ನನಗೇ ಮರಳಿ ಕೇಳಿಸಿತು. ಅರುವತ್ತಕ್ಕೆ ಹತ್ತಿರವಾದ ನನ್ನ ಮಂಡಿಗಳು ಅಷ್ಟು ದೂರಕ್ಕೆ ಒಮ್ಮೆಯೂ ತಕರಾರು ಮಾಡಲಿಲ್ಲ. ಕಾರಣ ಸರಳ: ರೈಲಿಗೆ ಏರು ಆಗಿಬರುವುದಿಲ್ಲ. ನೂರು ಮೀಟರಿಗೆ ಒಂದೆರಡು ಮೀಟರ್ ಏರಿದರೇ ಎಂಜಿನ್ನಿಗೆ ಕಷ್ಟ. ಆದ್ದರಿಂದ ಎಂಜಿನಿಯರುಗಳು ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ ನೆಲವನ್ನು ಸಮ ಮಾಡುತ್ತಾರೆ. ಹಳಿ ಕಿತ್ತ ಮೇಲೂ ಆ ಶ್ರಮ ನೆಲದಲ್ಲೇ ಉಳಿಯುತ್ತದೆ. ಮಕ್ಕಳಿಗೂ ಮುದುಕರಿಗೂ ಸಲ್ಲುತ್ತದೆ.

ಊರಿಗೆ ಮರಳಿದ ಮೇಲೆ ನಮ್ಮಲ್ಲಿ ಅಂಥದ್ದು ಇದೆಯೇ ಎಂದು ಹುಡುಕತೊಡಗಿದೆ. ಉತ್ತರ ನಾನು ನೂರಾರು ಸಲ ಬಸ್ಸಿನಲ್ಲಿ ಹಾದುಹೋಗಿದ್ದ ರಸ್ತೆಯ ಹೆಸರಿನಲ್ಲೇ ಇತ್ತು. ಕುರ್ಲಾ–ಕಲೀನಾ ನಡುವಿನ ಸಿ.ಎಸ್.ಟಿ. ರಸ್ತೆಗೂ ಸಿ.ಎಸ್.ಟಿ. ಎಂದೇ ಜನ ಕರೆಯುವ ಬೋರಿಬಂದರಿನ ರೈಲು ನಿಲ್ದಾಣಕ್ಕೂ ಸಂಬಂಧವಿಲ್ಲ. ಈ ರಸ್ತೆಯ ಸಿ.ಎಸ್.ಟಿ. ಎಂದರೆ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು 1928ರಲ್ಲಿ ಟ್ರಾಂಬೆಯಿಂದ ಕುರ್ಲಾ ಮೂಲಕ ಅಂಧೇರಿಗೆ ಓಡಿಸಿದ ರೈಲು. 1934ಕ್ಕೆ ಅದು ಮುಚ್ಚಿಯೇ ಹೋಯಿತು. ಬದುಕಿದ್ದು ಆರೇ ವರ್ಷ. ಸಾಲ್ಸೆಟ್ ಎಂದರೆ ಸಾಷ್ಟಿ, ಅರುವತ್ತಾರು ಹಳ್ಳಿಗಳ ದ್ವೀಪ. ಇಂದಿನ ಉಪನಗರಗಳೆಲ್ಲ ನಿಂತಿರುವುದು ಆ ಹಳ್ಳಿಗಳ ಮೇಲೆ.

ಅಂಧೇರಿಯಿಂದ ಕಲೀನಾಕ್ಕೆ ನೇರವಾಗಿ ಹೋಗುವಂತಿಲ್ಲ. ನಡುವೆ ವಿಮಾನ ನಿಲ್ದಾಣ ಅಡ್ಡ ಮಲಗಿದೆ. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಅಂಚು ಹಿಡಿದು ದಕ್ಷಿಣಕ್ಕೆ ಹೊರಟೆವು. ವಿಲೇಪಾರ್ಲೆ ದಾಟುವಾಗ ಅಭ್ಯಾಸಬಲದಿಂದ ಮೂಗರಳಿಸಿದೆ. 2016ರಲ್ಲಿ ಅಲ್ಲಿನ ಬಿಸ್ಕತ್ತಿನ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ಬೇಯುವ ಗ್ಲೂಕೋಸ್ ಬಿಸ್ಕತ್ತಿನ ಪರಿಮಳ ಇರುತ್ತಿತ್ತು. ವಾಕೋಲಾದಲ್ಲಿ ಎಡಕ್ಕೆ ಹೊರಳಿದೆವು.

ಕಲೀನಾದ ಹಳೆಯ ಹೆಸರು ಕೋಲೆ ಕಲ್ಯಾಣ. ಮುಖ್ಯರಸ್ತೆ ಬಿಟ್ಟು ಓಣಿಯೊಳಗೆ ಇಳಿದರೆ ಆ ಹಳ್ಳಿ ಇನ್ನೂ ಸಿಗುತ್ತದೆ. ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಇಲ್ಲಿನ ಮೂಲನಿವಾಸಿ ಕ್ರೈಸ್ತರ ಹೆಂಚಿನ ಮನೆಗಳು, ಮರದ ಜಗುಲಿ, ಓಣಿ ಕವಲೊಡೆಯುವಲ್ಲಿ ಸುಣ್ಣ ಬಳಿದ ಶಿಲುಬೆ. ಶಿಲುಬೆಯ ಕೊರಳಲ್ಲಿ ನಿನ್ನೆಯ ಚೆಂಡುಹೂವಿನ ಮಾಲೆ; ಬುಡದಲ್ಲಿ ಯಾರೋ ಆಗಷ್ಟೇ ಹಚ್ಚಿಟ್ಟಿದ್ದ ಮೇಣದಬತ್ತಿ, ಗಾಳಿ ತಾಗದಂತೆ ಅರ್ಧ ಒಡೆದ ಹೆಂಚಿನ ಮರೆ. ನೈಟಿ ತೊಟ್ಟ ಹಿರಿಯರೊಬ್ಬರು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದರು. ನಾವು ಹಾದುಹೋಗಲೆಂದು ಕೈ ತಡೆದು ನಿಂತರು. ಕಾರು ಈ ಓಣಿಗೆ ಬರುವಂತಿಲ್ಲ, ನಡೆದು ಬರುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಸೈಕಲ್ಲಿಗೆ ಮಾತ್ರ ಸಿಗುವ ಊರುಗಳಿವು.

ಮುಖ್ಯರಸ್ತೆಗೆ ಮರಳಿದರೆ ಎದುರಿಗೆ ಮುಂಬೈ ವಿಶ್ವವಿದ್ಯಾಲಯದ ವಿದ್ಯಾನಗರಿ. ಒಳಗೆ ಕನ್ನಡ ವಿಭಾಗವಿದೆ. ಅಲ್ಲಿನ ಉಪನ್ಯಾಸಗಳಿಗೆ ಎಷ್ಟು ಸಲ ಬಂದಿದ್ದೇನೆ! ಹಳೆಗನ್ನಡದ ಶಾಸನಗಳ ಪಾಠಾಂತರ ಚರ್ಚಿಸಿ ಹೊರಬಂದು, ಗೇಟಿನ ಮುಂದಿನ ಫಲಕದ ಮೂರು ಅಕ್ಷರಗಳನ್ನು ಬಿಡಿಸಿ ಓದದೆ ಬಸ್ಸು ಹತ್ತಿದ್ದೇನೆ. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಅಲ್ಲಿಂದ ಕುರ್ಲಾದವರೆಗೆ ರಸ್ತೆ ತಟ್ಟೆಯಷ್ಟು ಸಮ. ಹಗಲಿನಲ್ಲಿ ಲಾರಿ, ರಿಕ್ಷಾಗಳ ನಡುವೆ ಇದು ಗೊತ್ತಾಗುವುದೇ ಇಲ್ಲ. ಬೆಳಗಿನ ಆರೂವರೆಗೆ, ಗೇರ್ ಬದಲಿಸದೆ ಒಂದೇ ಲಯದಲ್ಲಿ ತುಳಿಯುವಾಗ ಕಾಲಿಗೆ ತಿಳಿಯುತ್ತದೆ. ಭಾವನಿಗೂ ತಿಳಿಯಿತೆಂದು ಕಾಣುತ್ತದೆ. "ಹೌದಲ್ಲ, ಇಲ್ಲಿ ಸೈಕಲ್ ತಾನೇ ಹೋಗುತ್ತದೆ," ಎಂದರು. ಮಿಠಿ ನದಿಯ ಸೇತುವೆಯ ಮೇಲೆ ಮಾತ್ರ ಇಬ್ಬರೂ ಉಸಿರು ಬಿಗಿಹಿಡಿದೆವು. ಕೆಳಗೆ ಕಪ್ಪು ನೀರು, ಮೇಲೆ ಬಿಳಿ ಕೊಕ್ಕರೆಗಳು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದಾಗ ಉಕ್ಕಿ ಬಂದ ನದಿ ಇದೇ.

ವಾಹನಗಳ ಬಿಡಿಭಾಗದ ಅಂಗಡಿಗಳ ಸಾಲಿನ ಮುಂದೆ ನನ್ನ ಚೈನ್ ಕಳಚಿತು. ಭಾವ ಸೈಕಲ್ ತಲೆಕೆಳಗು ಮಾಡಿದರು. ಕಾಗದದ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು, ಚೈನಿನ ನಾಲ್ಕು ಕೊಂಡಿಗಳನ್ನು ಹಿಂದಿನ ಹಲ್ಲುಚಕ್ರಕ್ಕೆ ಕೂರಿಸಿ, ಪೆಡಲನ್ನು ಮೆಲ್ಲಗೆ ತಿರುಗಿಸಿದರು. ಉಳಿದದ್ದು ತಾನಾಗಿ ಕೂತುಕೊಂಡಿತು. ಹೋಟೆಲಿಗೆ ಸೇರಿದ ಹೊಸತರಲ್ಲಿ ಸೈಕಲ್ಲಿನಲ್ಲೇ ತರಕಾರಿ ಹೊತ್ತು ತರುತ್ತಿದ್ದ ಕೈ ಅದು. ಪಕ್ಕದಲ್ಲಿ ಚಹಾ ಕಾಯಿಸುತ್ತಿದ್ದ ಹುಡುಗನನ್ನು ಸಿ.ಎಸ್.ಟಿ. ಎಂದರೆ ಏನೆಂದು ಕೇಳಿದೆ. "ಛತ್ರಪತಿ ಶಿವಾಜಿ ಟರ್ಮಿನಸ್," ಎಂದ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಕುರ್ಲಾದಲ್ಲಿ ಹಳಿಗಳನ್ನು ದಾಟಲು ಸಾಂತಾಕ್ರೂಜ್–ಚೆಂಬೂರು ಸಂಪರ್ಕ ರಸ್ತೆಯ ಮೇಲ್ಸೇತುವೆ ಏರಬೇಕು. ಇಡೀ ದಾರಿಯಲ್ಲಿ ನಾನು ಇಳಿದು ಸೈಕಲ್ ತಳ್ಳಿದ್ದು ಇಲ್ಲೊಂದೇ ಕಡೆ. ಆ ರಸ್ತೆ ಪೂರ್ತಿ ತೆರೆದದ್ದು 2014ರಲ್ಲಿ. ಟ್ರಾಮ್‌ವೇ ಮುಚ್ಚಿ ಸರಿಯಾಗಿ 80 ವರ್ಷಗಳ ಮೇಲೆ! ಪಶ್ಚಿಮ ಉಪನಗರವನ್ನೂ ಪೂರ್ವ ಉಪನಗರವನ್ನೂ ಅಡ್ಡಕ್ಕೆ ಜೋಡಿಸಬೇಕೆಂದು 1928ರಲ್ಲೇ ಯಾರಿಗೋ ಹೊಳೆದಿತ್ತು. ಅಂದು ಆ ಪಟ್ಟಿ ನೆಲವನ್ನು ಕೈಬಿಡದೆ ಇಟ್ಟುಕೊಂಡಿದ್ದರೆ ಎಂಬ ಸಂಕಟ ಸೇತುವೆಯ ತುದಿಯಲ್ಲಿ ನಿಂತಾಗ ಬಲವಾಗಿ ಕಾಡಿತು. ಹಳಿ ಕಿತ್ತ ನೆಲವನ್ನು ಒಮ್ಮೆ ತುಂಡುತುಂಡಾಗಿ ಹಂಚಿಬಿಟ್ಟರೆ ಮತ್ತೆ ಯಾವ ಹಣಕ್ಕೂ ಅದು ಉದ್ದಕ್ಕೆ ಕೂಡುವುದಿಲ್ಲ.

ಚೆಂಬೂರಿನಲ್ಲಿ ಭಾವನ ಪರಿಚಯದ ಉಡುಪಿ ಹೋಟೆಲಿನಲ್ಲಿ ಬನ್ಸ್, ಚಟ್ನಿ, ಎರಡೆರಡು ಲೋಟ ಕಾಫಿ. ಮುಂದಿನ ದಾರಿ ಅಷ್ಟೇನೂ ಹಿತವಲ್ಲ. ಅಗಲವಾದ ಸಯನ್–ಟ್ರಾಂಬೆ ರಸ್ತೆ, ಭಾರಿ ವಾಹನಗಳು, ಅಣುಶಕ್ತಿ ನಗರದ ಉದ್ದನೆಯ ಗೋಡೆ. ಚೀತಾ ಕ್ಯಾಂಪ್ ದಾಟಿದ ಮೇಲೆ ಉಪ್ಪುಗಾಳಿ ಮುಖಕ್ಕೆ ಬಡಿಯಿತು.

ಟ್ರಾಂಬೆಯ ಕೋಳಿವಾಡದ, ಅಂದರೆ ಮೀನುಗಾರರ ಕೇರಿಯ, ಧಕ್ಕೆಗೆ ಬಂದಾಗ ಇಳಿತದ ಹೊತ್ತು. ದೋಣಿಗಳು ಕೆಸರಿನಲ್ಲಿ ಓರೆಯಾಗಿ ಕೂತಿದ್ದವು. ಎಡಕ್ಕೂ ಬಲಕ್ಕೂ ಕಾಂಡ್ಲಾ ಗಿಡಗಳು. ಕೆಸರಿನಿಂದ ಪೆನ್ಸಿಲ್ಲುಗಳಂತೆ ಮೇಲೆದ್ದ ಅವುಗಳ ಉಸಿರುಬೇರುಗಳ ನಡುವೆ ಬೆರಳುದ್ದದ ಮೀನುಗಳು ಕುಪ್ಪಳಿಸುತ್ತಿದ್ದವು. ದೂರದಲ್ಲಿ, ಠಾಣೆ ಖಾರಿಯ ನೀರಿನಂಚಿನಲ್ಲಿ, ತೆಳು ಗುಲಾಬಿಯ ಒಂದು ಗೆರೆ. ಫ್ಲೆಮಿಂಗೊಗಳು. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ನಿಧಾನವಾಗಿ ಮುಂದೆ ಮುಂದೆ ಹೋಗುತ್ತಿದ್ದವು. ಭಾವ ಚಪ್ಪಲಿ ಬಿಚ್ಚಿಟ್ಟು ಧಕ್ಕೆಯ ಕಲ್ಲಿನ ಮೇಲೆ ಕೂತರು. ನಲವತ್ತು ವರ್ಷ ಚೆಂಬೂರಿನಲ್ಲಿದ್ದೂ ಇಲ್ಲಿಗೆ ಬಂದದ್ದು ಇದೇ ಮೊದಲು ಎಂದರು. ಮುಕ್ಕಾಲು ಗಂಟೆ ಇಬ್ಬರೂ ಮಾತಾಡಲಿಲ್ಲ.

ಭಾವನ ಮನೆ ದಾರಿಯಲ್ಲೇ ಇತ್ತು. ಚೆಂಬೂರಿನಲ್ಲಿ ಅವರು ನಿಂತುಬಿಡಬಹುದಿತ್ತು. ನಿಲ್ಲಲಿಲ್ಲ, ನನ್ನ ಜೊತೆಗೆ ಮತ್ತೆ ಕುರ್ಲಾದವರೆಗೂ ಬಂದರು. ಅಂಗಡಿಗಳ ಷಟರುಗಳು ಮೇಲೆ ಹೋಗುತ್ತಿದ್ದವು. ಚಹಾದ ಹುಡುಗ ಅಲ್ಲೇ ಇದ್ದ. ಭಾವ ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಎರಡು ಕಟಿಂಗ್ ಚಹಾ ಹೇಳಿ, ತಮ್ಮ ಹೋಟೆಲಿನ ಮರಾಠಿಯಲ್ಲಿ ಅವನಿಗೆ ಹೇಳತೊಡಗಿದರು: "ನೀನು ನಿಂತಿದ್ದೀಯಲ್ಲ, ಇಲ್ಲಿ ಹಿಂದೆ ರೈಲು ಓಡುತ್ತಿತ್ತು." ಹುಡುಗ ಸ್ಟೌ ಸಣ್ಣಗೆ ಮಾಡಿ, ತನ್ನ ಕಾಲ ಬುಡವನ್ನೊಮ್ಮೆ ನೋಡಿ, "ಎಲ್ಲಿಗೆ?" ಎಂದು ಕೇಳಿದ.