ಡೊಂಬಿವಲಿಯಿಂದ ಅಂಕೋಲೆಗೆ: ಎಂಟು ತಿಂಗಳ ಕೂಸು, ಒಂದು ಕಾರ್ ಸೀಟು

ಮೇ ತಿಂಗಳಲ್ಲಿ ಮಗಳನ್ನು ಎತ್ತಿಕೊಂಡು ಊರಿಗೆ ಹೋಗಿಬಂದೆವು. ಊರು ಅಂಕೋಲೆ, ಇರುವುದು ಡೊಂಬಿವಲಿ. ಯಾವಾಗಲೂ ಕೊಂಕಣ ರೈಲಿಗೇ ಹೋಗುವವರು ನಾವು. ಈ ಸಲ ರಜೆಯ ಗದ್ದಲದಲ್ಲಿ ಟಿಕೆಟ್ ಸಿಗಲಿಲ್ಲ. ಹಾಗಾಗಿ ಮುಂಬಯಿಯಿಂದ ಗೋವಾಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ. ವಿಮಾನ ಒಂದೂಕಾಲು ಗಂಟೆಯದು. ಆದರೆ ಮನೆಯಿಂದ ಏರ್‌ಪೋರ್ಟಿಗೆ ಎರಡು ಗಂಟೆ, ಗೋವಾದಿಂದ ಅಂಕೋಲೆಗೆ ಮೂರು ಗಂಟೆ, ಒಟ್ಟು ಐದು ಗಂಟೆ ರಸ್ತೆಯ ಮೇಲೆ. ಕಾರ್ ಸೀಟು, ಅಂದರೆ ಕಾರಿನಲ್ಲಿ ಕೂಸನ್ನು ಪಟ್ಟಿ ಕಟ್ಟಿ ಕೂರಿಸುವ ಮಕ್ಕಳ ಸೀಟು, ಹೊತ್ತದ್ದು ಆ ಐದು ಗಂಟೆಗಾಗಿ. ಕೇಳಿದವರೆಲ್ಲ "ವಿಮಾನದಲ್ಲಿ ಕೂರಿಸೋದಕ್ಕಾ?" ಅಂದಿದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಅತ್ತೆಯದು ಬೇರೆಯೇ ವಾದ. "ನಿನ್ನ ಗಂಡನ್ನ ತೊಡೆ ಮೇಲೆ ಕೂರಿಸ್ಕಂಡೇ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿದ್ದೆ, ಬಿದ್ದನೇನೇ?" ಉತ್ತರ ಕೊಡಲಿಲ್ಲ. ಅರವತ್ತರ ವೇಗದಲ್ಲಿ ಗಾಡಿ ಎಲ್ಲಿಗಾದರೂ ಗುದ್ದಿದರೆ ಎಂಟು ಕಿಲೋ ಕೂಸನ್ನು ಯಾವ ಕೈಯೂ ಹಿಡಿದಿಟ್ಟುಕೊಳ್ಳಲಾರದು ಎಂದು ಫೋನಿನಲ್ಲಿ ಹೇಳಿ ಪ್ರಯೋಜನವಿಲ್ಲ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ.

ಟಿಕೆಟ್ ಮಾಡುವಾಗ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಗೋವಾದಲ್ಲಿ ಈಗ ಎರಡಿವೆ. ವಾಸ್ಕೋ ಪಕ್ಕದ ದಾಬೋಲಿಂ, ಟಿಕೆಟ್ ಮೇಲೆ ಜಿಒಐ. 2023ರ ಜನವರಿಯಲ್ಲಿ ಶುರುವಾದ ಮೋಪಾ, ಜಿಒಎಕ್ಸ್. ಮೋಪಾ ಇರುವುದು ಉತ್ತರದ ತುದಿಯ ಪೆಡ್ನೆ ತಾಲ್ಲೂಕಿನಲ್ಲಿ. ಕಾರವಾರ, ಅಂಕೋಲೆ, ಕುಮಟೆ ಕಡೆ ಹೋಗುವವರು ಅಲ್ಲಿ ಇಳಿದರೆ ಇಡೀ ಗೋವಾ ದಾಟಿ ಬರಬೇಕು, ಕಡಿಮೆಯೆಂದರೂ ಒಂದು ಗಂಟೆ ಹೆಚ್ಚು. ಟಿಕೆಟ್ಟಿನಲ್ಲಿ ಐನೂರು ಉಳಿಸಿ ಟ್ಯಾಕ್ಸಿಗೆ ಸಾವಿರ ಸುರಿಯಬೇಡಿ. ಮುಂಬಯಿಯಲ್ಲೂ ಟರ್ಮಿನಲ್ ಒಂದು, ಎರಡು ಬೇರೆ ಬೇರೆ ಕಡೆ ಇವೆ. ನವಿ ಮುಂಬಯಿಯದು ಸೇರಿದರೆ ಮೂರು ಕಡೆ.

ಇನ್ನು ವಿಮಾನದೊಳಗಿನ ವಿಚಾರ. ಎರಡು ವರ್ಷ ತುಂಬದ ಮಗು ತೊಡೆಯ ಮೇಲೆ ಕೂರಬಹುದು. ಟಿಕೆಟ್ ಆಗಲೂ ಬೇಕು, ವಯಸ್ಸಿನ ದಾಖಲೆಯೂ ಬೇಕು. ಜನನ ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲೇ ಇರಲಿ. ಕಾರ್ ಸೀಟಿನಲ್ಲಿ ಕೂರಿಸಬೇಕೆಂದರೆ ಮಗುವಿಗೇ ಒಂದು ಸೀಟು ಕೊಳ್ಳಬೇಕು, ವಿಮಾನದಲ್ಲಿ ಬಳಸಬಹುದು ಎಂಬ ಚೀಟಿ ಕಾರ್ ಸೀಟಿನ ಮೇಲೆ ಇರಬೇಕು, ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಪಡೆದಿರಬೇಕು. ಕಾರಿನಲ್ಲಿ ಮಕ್ಕಳ ಸೀಟನ್ನು ಸಿಕ್ಕಿಸಲು ಇರುವ ಐಸೋಫಿಕ್ಸ್ ಕೊಂಡಿ ವಿಮಾನದಲ್ಲಿ ಇರುವುದಿಲ್ಲ, ಸೊಂಟದ ಬೆಲ್ಟಿನಿಂದಲೇ ಕಟ್ಟಬೇಕು. ಮಗುವಿಗೆ ಹೆಚ್ಚು ಸುರಕ್ಷಿತ ಅದೇ, ಸುಳ್ಳು ಹೇಳುವುದಿಲ್ಲ. ನಾವು ಮಾತ್ರ ಖರ್ಚು ನೋಡಿ ತೊಡೆಯ ಮೇಲೆ ಕೂರಿಸಿ, ಸೀಟನ್ನು ಲಗೇಜಿಗೆ ಹಾಕಿದೆವು.

ಹಾಕುವಾಗ ಕೌಂಟರಿನಲ್ಲಿ ಸಣ್ಣ ಜಟಾಪಟಿ ನಡೆಯಿತು. ಒಬ್ಬರು ಉಚಿತ ಅಂದರು, ಇನ್ನೊಬ್ಬರು ತೂಕಕ್ಕೆ ಸೇರಿಸಿ ಅಂದರು. ವಾರದ ಮೊದಲೇ ಇಮೇಲ್ ಬರೆದು ಕೇಳಿದ್ದೆ. ಅವರದೇ ಉತ್ತರದ ಪ್ರಿಂಟ್ ತೋರಿಸಿದ ಮೇಲೆ ಮಾತು ಮುಗಿಯಿತು. ಮೊಬೈಲಿನಲ್ಲಿ ಹುಡುಕುತ್ತಾ ನಿಲ್ಲುವುದಕ್ಕಿಂತ ಕಾಗದ ವಾಸಿ, ಒಂದು ಕೈಯಲ್ಲಿ ಕೂಸು ಇರುತ್ತದಲ್ಲ. ಸೀಟನ್ನು ಹಳೇ ಕೌದಿಯಲ್ಲಿ ಸುತ್ತಿ, ಸಂದಿಯಲ್ಲೆಲ್ಲ ಡೈಪರ್ ತುರುಕಿ, ದಪ್ಪ ಚೀಲಕ್ಕೆ ಹಾಕಿ, ಫೋನ್ ನಂಬರನ್ನು ದೊಡ್ಡದಾಗಿ ಬರೆದಿದ್ದೆ. ಗೋವಾದಲ್ಲಿ ಇಳಿದು ಲಗೇಜ್ ಬೆಲ್ಟಿನ ಮುಂದೆ ಇಪ್ಪತ್ತು ನಿಮಿಷ ನಿಂತದ್ದು ನಮ್ಮದೇ ದಡ್ಡತನ. ಅಳತೆ ಮೀರಿದ ಸಾಮಾನು ಬೇರೆ ಕಡೆ ಬರುತ್ತದೆ, ಮೊದಲೇ ವಿಚಾರಿಸಿ. ಚೀಲ ಬಿಚ್ಚಿ ಅಲ್ಲೇ ಬಿರುಕು ಬಿಟ್ಟಿದೆಯೇ ನೋಡಿಕೊಳ್ಳಿ. ಹೊರಗೆ ಬಂದ ಮೇಲೆ ದೂರಿದರೆ ಕೇಳುವವರು ಕಡಿಮೆ.

ಸೆಕ್ಯೂರಿಟಿಯಲ್ಲಿ ರಾಗಿ ಮಣ್ಣಿಯ ಫ್ಲಾಸ್ಕ್ ತೆರೆಸಿ ನೋಡಿದರು, ಬಿಟ್ಟರು. ಮಗುವಿನ ಹಾಲು, ಊಟ ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ಮೇಲೇರುವಾಗ, ಇಳಿಯುವಾಗ ಹಾಲು ಕುಡಿಸಿ; ನುಂಗುತ್ತಿದ್ದರೆ ಕಿವಿ ಕಟ್ಟುವುದಿಲ್ಲ. ಮುಟ್ಟಲು ಅರ್ಧ ಗಂಟೆ ಇರುವಾಗಲೇ ವಿಮಾನ ಕೆಳಗಿಳಿಯಲು ಶುರು ಮಾಡುತ್ತದೆ, ನೆಲ ಕಾಣುವವರೆಗೆ ಕಾಯಬೇಡಿ.

ನಿಜವಾದ ಪರೀಕ್ಷೆ ಟ್ಯಾಕ್ಸಿಯದು. ಡೊಂಬಿವಲಿಯಲ್ಲಿ ಮೊದಲು ಬಂದ ಗಾಡಿಯ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್, ಎರಡು ಬ್ಯಾಗಿಗೂ ಜಾಗವಿಲ್ಲ. ಅದನ್ನು ಕಳಿಸಿ ದೊಡ್ಡ ಗಾಡಿ ಕರೆಸಿದೆವು. ಗೋವಾದಲ್ಲಿ ಗಾಡಿ ದೊಡ್ಡದೇ, ಆದರೆ ಹಿಂದಿನ ಸೀಟಿಗೆ ರೆಕ್ಸಿನ್ ಕವರ್ ಹೊಲಿಸಿ ಬೆಲ್ಟಿನ ಬಕಲ್ ಒಳಗೆ ಹೂತುಬಿಟ್ಟಿದ್ದರು. "ಹಿಂದೆ ಯಾರು ಬೆಲ್ಟ್ ಹಾಕ್ತಾರೆ ಸಾರ್?" ಅಂತ ಕೊಂಕಣಿಯಲ್ಲಿ ನಗುತ್ತಲೇ ಚಾಲಕರು ಕವರಿನ ದಾರ ಬಿಡಿಸಿದರು. ಬಿಸಿಲಲ್ಲಿ ಕಾಲು ಗಂಟೆ ಹೋಯಿತು. ನಮ್ಮದು ಬಕೆಟ್ ಆಕಾರದ, ಹಿಡಿಕೆಯಿರುವ ಸೀಟು. 13 ಕಿಲೋವರೆಗಿನ ಕೂಸಿಗೆ, ಮುಖ ಹಿಂದಕ್ಕೆ. ಬೆಲ್ಟನ್ನು ನೀಲಿ ಗುರುತಿರುವ ಸಂದಿಯಲ್ಲೇ ತೂರಿಸಬೇಕು. ನಮ್ಮ ಮನೆಯವರು ಸೀಟನ್ನು ಬಲವಾಗಿ ಒತ್ತಿ ಹಿಡಿದರು, ನಾನು ಬೆಲ್ಟ್ ಎಳೆದೆ. ಅಲುಗಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಹೆಗಲ ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಮುಂದಿನ ಸೀಟಿನಲ್ಲಂತೂ ಕಟ್ಟಲೇಬೇಡಿ, ಏರ್‌ಬ್ಯಾಗ್ ಇರುತ್ತದೆ, ಅದು ಉಬ್ಬಿದರೆ ಕೂಸಿಗೇ ಪೆಟ್ಟು.

ಗಾಡಿ ಮಾತಾಡುವಾಗಲೇ ಕೇಳಿ: ಹಿಂದೆ ಹೆಗಲ ಮೇಲೆ ಬರುವ ಬೆಲ್ಟ್ ಇದೆಯೇ, ಬಕಲ್ ಕಾಣುತ್ತದೆಯೇ, ಫೋಟೋ ಕಳಿಸಿ. ಎಸಿ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಇದನ್ನು ಕೇಳುವುದಿಲ್ಲ.

ಕಾಣಕೋಣದಲ್ಲಿ ನಿಲ್ಲಿಸಿ ಮಗುವನ್ನು ಇಪ್ಪತ್ತು ನಿಮಿಷ ಹೊರಗೆ ತೆಗೆದೆವು. ಒಂದೂವರೆ, ಎರಡು ಗಂಟೆಗೊಮ್ಮೆ ಹೀಗೆ ಮಾಡಬೇಕು. ಊರು ಮುಟ್ಟಿದ ಮೇಲೂ ನಿದ್ದೆಯಲ್ಲಿದೆ ಅಂತ ಸೀಟಿನಲ್ಲೇ ಬಿಡಬೇಡಿ. ಕುತ್ತಿಗೆ ಮುಂದಕ್ಕೆ ಬಾಗಿ ಉಸಿರು ಕಟ್ಟಬಹುದು.

ಬರುವಾಗ ಅತ್ತೆ ಕರಿ ಇಷಾಡು ಮಾವಿನ ಹಣ್ಣು ಕೊಟ್ಟರು. ಹೋಗುವಾಗ ಡೈಪರ್ ತುರುಕಿದ ಜಾಗ ಖಾಲಿ ಇತ್ತಲ್ಲ, ಅಲ್ಲೇ ಇಟ್ಟೆ. ಡೈಪರ್ ಸರಿ, ಹಣ್ಣು ಬೇಡ. ಸೀಟಿನ ಬಟ್ಟೆ ಮೂರು ಸಲ ಒಗೆದಿದ್ದೇನೆ, ಇನ್ನೂ ಇರುವೆ ಬರುತ್ತಿದೆ.