ಪಿಕಪ್ ಮೇಲೊಂದು ಏತ

ಭಾನುವಾರ, 24 ನವೆಂಬರ್ 2024
ಲಗ್ಗೆರೆ, ಬೆಂಗಳೂರು

ನನ್ನ ಪಿಕಪ್ ಗಾಡಿಯ ಮೇಲೆ ನಾನೇ ಮಾಡಿದ ಪುಟ್ಟ ಕ್ರೇನ್ ಎದ್ದು ನಿಂತಿತು. ಗಾಡಿಯ ಎಡಬಾಗಿಲ ಗಾಜು ಹೋಯಿತು. ಎರಡೂ ಇವತ್ತೇ, ಅರ್ಧ ಗಂಟೆಯ ಅಂತರದಲ್ಲಿ.

ನನ್ನದು ಸುಟ್ಟ ಮೋಟರುಗಳ ರೀವೈಂಡಿಂಗ್ ಕೆಲಸ. ಅದರಲ್ಲಿ ತಾಮ್ರದ ತಂತಿ ಸುತ್ತುವುದು ಕೂತು ಮಾಡುವ ಕೆಲಸ. ಬೆನ್ನು ಮುರಿಯುವುದು ಮೋಟರನ್ನು ಗಾಡಿಗೆ ಹತ್ತಿಸಿ ಇಳಿಸುವಾಗ. ಪೀಣ್ಯದ ಶೆಡ್ಡುಗಳಿಂದ ಬರುವ 20, 25 ಎಚ್‌ಪಿ ಮೋಟರುಗಳು ನೂರೈವತ್ತು ಇನ್ನೂರು ಕೆಜಿ ತೂಗುತ್ತವೆ. ಹೈಡ್ರಾ ಅನ್ನುವ ಕ್ರೇನ್ ಗಾಡಿ ಕರೆಸಿದರೆ ಅದರ ಬಾಡಿಗೆಯೇ ನನ್ನ ಕೂಲಿಯನ್ನು ನುಂಗುತ್ತದೆ. ಹಾಗಾಗಿ ನಾಲ್ಕು ಜನ ಸೇರಿ ಹಗ್ಗ ಕಟ್ಟಿ, ಹಲಗೆ ಮೇಲೆ ಎಳೆದು ಹತ್ತಿಸುತ್ತಿದ್ದೆವು. ಆಷಾಢದಲ್ಲಿ ಅಂಗಡಿ ಹುಡುಗನ ಬೆರಳು ಹಲಗೆ ಕೆಳಗೆ ಸಿಕ್ಕಿ ಉಗುರು ಕಿತ್ತುಬಂತು. ಅವತ್ತು ರಾತ್ರಿಯೇ ಬಿಲ್ ಬುಕ್ಕಿನ ಹಿಂದೆ ಮೊದಲ ಚಿತ್ರ ಬರೆದದ್ದು.

ಮೊದಲು ಬಾಟಲ್ ಜಾಕಿನಿಂದ ತೋಳನ್ನೇ ಎತ್ತುವ ಯೋಚನೆ ಇತ್ತು. ಆರು ಇಂಚು ಏರುವ ಜಾಕು, ಒಂದಕ್ಕೆ ನಾಲ್ಕರ ಸನ್ನೆ, ತುದಿಯಲ್ಲಿ ಬರೀ ಎರಡಡಿ. ಗಾಡಿಯ ಎತ್ತರಕ್ಕೆ ಅದು ಸಾಲದು. ಬ್ಯಾಟರಿ ವಿಂಚ್ ನೋಡಿದೆ. ಕೆಸರಲ್ಲಿ ಹೂತ ಗಾಡಿ ಎಳೆಯಲು ಮಾಡಿದ್ದನ್ನು ತಲೆ ಮೇಲೆ ಭಾರ ತೂಗಿಸಲು ನಂಬಬಾರದು ಅನ್ನಿಸಿತು. ಕೊನೆಗೆ ಅರ್ಧ ಟನ್ನಿನ ಚೈನ್ ಬ್ಲಾಕ್. ಕೈಯಲ್ಲಿ ಸರಪಳಿ ಎಳೆಯಬೇಕು, ನಿಧಾನ, ನಿಜ. ಆದರೆ ಕೈಬಿಟ್ಟರೆ ಭಾರ ಬಿಟ್ಟಲ್ಲೇ ನಿಲ್ಲುತ್ತದೆ, ಒಳಗೇ ಬ್ರೇಕಿದೆ.

ನಾಲ್ಕಿಂಚಿನ ಪೈಪಿನ ಕಂಬ, ಅದಕ್ಕೆ ಐದಡಿಯ ತೋಳು. ಕಂಬ ಸರಾಗವಾಗಿ ತಿರುಗಲೆಂದು ಅದರ ಕಾಲು ದಪ್ಪ ಸಾಕೆಟ್ಟಿನೊಳಗೆ ಒಂದೂವರೆ ಅಡಿ ಇಳಿದು, ಕೆಳಗೆ ಟೇಪರ್ ಬೇರಿಂಗಿನ ಮೇಲೆ ಕೂತಿದೆ, ಮೇಲೆ ಗನ್‌ಮೆಟಲ್ ಬುಶ್. ಬೇರಿಂಗ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು, ಪೈಪೂ ಅಲ್ಲಿಯದೇ. ಬೋಲ್ಟು ಮಾತ್ರ ಜೆ.ಸಿ. ರಸ್ತೆಯಲ್ಲಿ ಹೊಸದೇ ಕೊಂಡೆ, ತಲೆ ಮೇಲೆ ಬಲದ ದರ್ಜೆ 8.8 ಅಂತ ಅಚ್ಚಿರುವುದು. ಅಚ್ಚಿಲ್ಲದ ಬೋಲ್ಟು ಗೇಟಿಗೆ ಸರಿ.

ಇದನ್ನೆಲ್ಲ ಜಗಲಿ ಮೇಲೆ ಕೂತು ನೋಡುತ್ತಿದ್ದ ಅಪ್ಪ ಒಂದೇ ಮಾತು ಕೇಳಿದರು.

"ಯಾವುದರ ಮೇಲೆ ನಿಲ್ಲಿಸ್ತೀಯೋ ಇದನ್ನ?"

"ಗಾಡಿ ಮೇಲೆ."

"ಗಾಡಿ ಮೇಲೆ ಅಂದ್ರೆ? ಆ ತಗಡಿನ ಮೇಲಾ? ನಿಮ್ಮಜ್ಜ ಏತ ತುಳಿದೋರು. ಕಂಬ ಅಲ್ಲಾಡಿದ್ರೆ ತುಳಿಯೋನು ಬಾವೀಗೇ ಕಣಪ್ಪಾ."

ಬಾವಿಯಿಂದ ನೀರೆತ್ತುವ ಕುಣಿಗಲ್ ಕಡೆಯ ಏತದ ನೆನಪು ಬೆಂಗಳೂರಿನ ಪಿಕಪ್ಪಿಗೆ ಬಂತಲ್ಲ ಅಂತ ನಗು ಬಂತು. ರಾತ್ರಿ ಲೆಕ್ಕ ಹಾಕಿದ ಮೇಲೆ ನಗು ನಿಂತಿತು. ಕಂಬದಿಂದ ಐದಡಿ ದೂರದಲ್ಲಿ 250 ಕೆಜಿ ತೂಗಿದರೆ, ಬುಡದ ಪ್ಲೇಟಿನ ಬೋಲ್ಟುಗಳು ಒಂದಡಿ ಅಂತರದಲ್ಲಿದ್ದಾಗ, ಹಿಂಬದಿಯ ಬೋಲ್ಟುಗಳ ಮೇಲೆ ಹತ್ತಿರಹತ್ತಿರ 1250 ಕೆಜಿಯ ಎಳೆತ. ಅಂತರ ಎರಡಡಿ ಮಾಡಿದರೆ ಅರ್ಧಕ್ಕರ್ಧ ಕಮ್ಮಿ. ಎತ್ತುವ ಕೊಕ್ಕೆಯ ಬಗ್ಗೆ ಎರಡು ತಿಂಗಳು ತಲೆಕೆಡಿಸಿಕೊಂಡು ಬುಡದ ಬಗ್ಗೆ ಎರಡು ನಿಮಿಷವೂ ಯೋಚಿಸಿರಲಿಲ್ಲ. ಹಿಂದಿನ ಡಬ್ಬಿಯ ನೆಲದ ತಗಡಿಗೆ ನಾಲ್ಕು ಬೋಲ್ಟು ಹಾಕಿ ಮುಗಿಸುವವನಿದ್ದೆ!

ಈಗ ತಗಡಿನ ಮೇಲೆ 10 ಎಂಎಂ ಪ್ಲೇಟು, ತಗಡಿನ ಕೆಳಗೆ ಅಡ್ಡಡ್ಡ ಎರಡು ಸಿ-ಚಾನಲ್, ಅಂದರೆ ಸಿ ಆಕಾರದ ಕಬ್ಬಿಣದ ತೊಲೆ. ಚಾನಲ್ಲುಗಳನ್ನು ಗಾಡಿಯ ಬೆನ್ನೆಲುಬಾದ ಚಾಸಿಯ ಎರಡೂ ಕಡೆಗೆ ಯು-ಬೋಲ್ಟಿನಿಂದ ಬಿಗಿದದ್ದು. ಚಾಸಿಗೆ ಒಂದು ತೂತೂ ಇಲ್ಲ, ವೆಲ್ಡಿಂಗೂ ಇಲ್ಲ. ವೆಲ್ಡಿಂಗ್ ಶಾಖ ತಗುಲಿದ ಜಾಗದ ಅಂಚಿನಿಂದಲೇ ಚಾಸಿ ಬಿರುಕು ಬಿಡುವುದನ್ನು ಲಾರಿಗಳಲ್ಲಿ ನೋಡಿದ್ದೇನೆ.

ವೆಲ್ಡಿಂಗ್ ಮಾಡಿಸಿದ್ದು ನಿನ್ನೆ, ಚನ್ನಪಟ್ಟಣ ಉಪಚುನಾವಣೆಯ ಎಣಿಕೆಯ ದಿನ. ವೆಲ್ಡರಿನ ಕೈ ಹೋಲ್ಡರಿನಲ್ಲಿ, ಕಿವಿ ಮೊಬೈಲಿನಲ್ಲಿ. ತೋಳಿನ ಕೀಲಿಗೆ ಗಟ್ಟಿ ಬೆಸುಗೆಯ 7018 ವೆಲ್ಡಿಂಗ್ ರಾಡ್ ಬೇಕೆಂದು ನಾನು, "ಗ್ರಿಲ್ಲಿಗೆ ಹಾಕೋ 6013 ಸಾಕಣ್ಣ, ಯಾಕೆ ಸುಮ್ನೆ ದುಡ್ಡು" ಅಂತ ಅವನು. ಒದ್ದೆಯಾಗದ ಹೊಸ ಪ್ಯಾಕೆಟ್ ತಂದು ಕೊಟ್ಟ ಮೇಲೆ ಬಾಯಿ ಮುಚ್ಚಿ ಹಾಕಿದ. ಸಾಕೆಟ್ಟನ್ನು ಪ್ಲೇಟಿಗೆ ಬೆಸೆಯುವುದು ಗಾಡಿ ಮೇಲೇ ಆಗಬೇಕಿತ್ತು. ಹಾಗಾಗಿ ವೆಲ್ಡಿಂಗಿನ ಕರೆಂಟು ಗಾಡಿಯ ವೈರಿಂಗಿಗೆ ಹರಿಯದಿರಲಿ ಅಂತ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಟ್ಟು, ಅರ್ಥಿಂಗ್ ಕ್ಲಾಂಪನ್ನು ಪ್ಲೇಟಿಗೇ ಹಾಕಿಸಿದೆ.

ಇವತ್ತು ಬೆಳಿಗ್ಗೆ ಪರೀಕ್ಷೆ. ತೂಕಕ್ಕೆ ನೀರಿನ ಡ್ರಮ್ಮಿಗಿಂತ ಒಳ್ಳೆಯದಿಲ್ಲ, 200 ಲೀಟರ್ ಅಂದರೆ 200 ಕೆಜಿ. ಮನೆಯವಳು ಸಂಪಿನ ಮುಚ್ಚಳದ ಮೇಲೆ ನಿಂತೇ ಇದ್ದಳು, ಕಾವೇರಿ ನೀರು ಮುಟ್ಟಬಾರದು ಅಂತ. ಬೋರಿನ ನೀರು ತುಂಬಿಸಿದೆ.

ಡ್ರಮ್ಮು ನೆಲ ಬಿಟ್ಟಿತು. ಬುಡದ ಪ್ಲೇಟು ಅಲುಗಲಿಲ್ಲ. ಮಗ ವಿಡಿಯೋ ಮಾಡುತ್ತಿದ್ದ. ಮೂರಡಿ ಏರಿಸುವಷ್ಟರಲ್ಲಿ ಎಡಗಡೆಯ ಪಟ್ಟಾ (ಚಕ್ರದ ಮೇಲಿನ ಸ್ಪ್ರಿಂಗು) ಕುಸಿದು ಗಾಡಿ ಒಂದು ಕೈಯಗಲ ವಾಲಿತು. ಗಾಡಿ ವಾಲಿದರೆ ಕಂಬವೂ ವಾಲುತ್ತದೆ, ಕಂಬ ವಾಲಿದರೆ ತೋಳು ತಗ್ಗು ಹುಡುಕಿಕೊಂಡು ತಾನೇ ತಿರುಗುತ್ತದೆ. ನಮ್ಮ ಬೀದಿ ಬೇರೆ ಇಳಿಜಾರು, ಗಾಡಿಯ ಮೂತಿ ತಗ್ಗಿಗೆ. ಡ್ರಮ್ಮು ಅವಸರವಿಲ್ಲದೆ, ಗಾಂಭೀರ್ಯದಿಂದ, ಮುಂದಕ್ಕೆ ತೇಲಿತು. ಹಿಡಿಯೋಣ ಅಂತ ಕೈ ಚಾಚಿದೆ. "ಬಿಡೋ!" ಅಂತ ಅಪ್ಪ ಕೂಗಿದ್ದಕ್ಕೆ ಕೈ ಉಳಿಯಿತು. ಗಾಜು ಉಳಿಯಲಿಲ್ಲ. ಬೇರಿಂಗಿಗೆ ಅಷ್ಟು ಚೆನ್ನಾಗಿ ಗ್ರೀಸು ತುಂಬಿದ್ದೇ ತಪ್ಪಾಯಿತೇನೋ.

ಮಧ್ಯಾಹ್ನ ಎರಡು ತಿದ್ದುಪಡಿ. ಸಾಕೆಟ್ಟಿನ ಸುತ್ತ ತೂತು ಕೊರೆದು, ತೋಳನ್ನು ಬೇಕಾದಲ್ಲಿ ನಿಲ್ಲಿಸುವ ಪಿನ್ನು. ಮತ್ತೆ, ಚಾನಲ್ಲಿನ ಎಡ ತುದಿಯನ್ನು ಹೊರಕ್ಕೆ ಬೆಳೆಸಿ ಅದರಡಿಗೆ ಒಂದು ಕಾಲು. ತಾರಸಿ ಮೋಲ್ಡಿಂಗಿಗೆ ಸೆಂಟ್ರಿಂಗಿನವರು ಆಸರೆಯಾಗಿ ಕೊಡುವ ಜಾಕಿ ಇದೆಯಲ್ಲ, ಅದನ್ನೇ ಗಿಡ್ಡ ಮಾಡಿದ್ದು. ಎತ್ತುವ ಮೊದಲು ತಿರುಗಿಸಿ ನೆಲಕ್ಕೆ ಬಿಗಿದರೆ ಭಾರ ಪಟ್ಟಾಕ್ಕೆ ಹೋಗದೆ ಸೀದಾ ನೆಲಕ್ಕೆ ಇಳಿಯುತ್ತದೆ. ಸಂಜೆ ಅದೇ ಡ್ರಮ್ಮು, ಮೇಲೆ ಎರಡು ಮೂಟೆ ಮರಳೂ ಸೇರಿ ಏರಿತು. ಹತ್ತು ನಿಮಿಷ ತೂಗಿಬಿಟ್ಟು ಬೆಸುಗೆಗಳನ್ನೆಲ್ಲ ಟಾರ್ಚ್ ಹಾಕಿ ನೋಡಿದೆ. ಜಾಕಿಯ ಪಾದ ಮಾತ್ರ ಮಣ್ಣಿಗೆ ಎರಡಿಂಚು ಇಳಿದಿತ್ತು. ಕೆಳಗೆ ಅಗಲವಾದ ಮರದ ಹಲಗೆ ಕಡ್ಡಾಯ. ಚರಂಡಿಯ ಚಪ್ಪಡಿ ಮೇಲಂತೂ ಊರಲೇಬಾರದು, ನಮ್ಮೂರಿನ ಫುಟ್‌ಪಾತ್ ಅಂದರೆ ಬಹುಪಾಲು ಅದೇ.

ಕಾನೂನಿನದೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಅದಕ್ಕೇ ಎಲ್ಲವೂ ಬಿಚ್ಚಿ ತೆಗೆಯುವಂತಿದೆ, ಕಂಬ ಕಿತ್ತು ಮಲಗಿಸಬಹುದು. ಆದರೂ ಸಾಕೆಟ್ ಕಾಣುತ್ತದೆ. ಈ ವಾರ ಆರ್‌ಟಿಒಗೆ ಗಾಡಿಯನ್ನೇ ಒಯ್ದು ತೋರಿಸಿ ಕೇಳಬೇಕು, ಅಲ್ಲಿಯವರೆಗೆ ಅಂಗಡಿ ಮುಂದೆ ಮಾತ್ರ ಬಳಕೆ.

ಖರ್ಚು ಈವರೆಗೆ 23,400. ಗಾಜು ಬೇರೆ.

ತೋಳಿನ ಮೇಲೆ ಹಳದಿ ಪೇಂಟಿನಲ್ಲಿ "200 ಕೆಜಿ" ಅಂತ ಬರೆದೆ. ಅಪ್ಪ ಓದಿ, "ನೀನು 250 ಹಾಕ್ತೀಯ ಅಂತ ಗೊತ್ತಿದ್ದೇ ಹಂಗೆ ಬರೆದಿದ್ದೀಯ" ಅಂದರು.

ನಾಳೆ ಕಡಲೆಕಾಯಿ ಪರಿಷೆ. ಎಲ್ಲರೂ ಗಾಡಿಯಲ್ಲೇ ಬಸವನಗುಡಿಗೆ ಹೋಗುವುದೆಂದಾಗಿತ್ತು. ಎಡಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದನ್ನು ನೋಡಿ ಮನೆಯವಳು, ಪೀಣ್ಯದಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುತ್ತಾಳಂತೆ. ಮಗನೂ ಅವಳ ಜೊತೆಗೇ. ಅಪ್ಪ ಮಾತ್ರ ಗಾಡಿಯಲ್ಲಿ ಬರುತ್ತಾರೆ, ಕಂಬ ಬಿಚ್ಚಿಟ್ಟರೆ.